ವಾರಿಜಕ್ಕನ ನಲವತ್ತು ನಿಮಿಷ

ಟೆಸ್ಟ್ ಮುಗಿಯುವವರೆಗೆ ವಾರಿಜಕ್ಕ ಕುರ್ಚಿಯಿಂದ ಏಳುತ್ತಿರಲಿಲ್ಲ. ನಾವೆಲ್ಲ ಚಹಾಕ್ಕೆ ಕೆಳಗಿಳಿದರೂ ಅವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದರು. ಕರೆದರೆ, "ಅನ್ನಕ್ಕಿಟ್ಟು ಪೇಟೆಗೆ ಹೋಗ್ಲಿಕ್ಕಾಗ್ತದಾ?" ಎನ್ನುತ್ತಿದ್ದರು.

ಉಡುಪಿ ಕಡೆಯವರು. ಗಂಡ ಅಹಮದಾಬಾದಿನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಅದೇ ಊರಿನ ನವರಂಗಪುರದ ನಮ್ಮ ಪುಟ್ಟ ಕಚೇರಿಯಲ್ಲಿ ಕಾರ್ಖಾನೆಗಳ ವಿಷಾನಿಲ ಅಲಾರಂಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಅದನ್ನು ಪರೀಕ್ಷಿಸುವುದು ವಾರಿಜಕ್ಕನ ಕೆಲಸ. ಅಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಗುಜರಾತಿನಲ್ಲೇ ಬೆಳೆದ ನನ್ನ ಹರಕು ಕನ್ನಡವನ್ನೂ ಅವರೇ ತಿದ್ದುತ್ತಿದ್ದರು.

ಅವರು ಬರೆದ ಒಂದು ಟೆಸ್ಟ್, ಅಲಾರಂ ಅನ್ನು ನಲವತ್ತು ನಿಮಿಷ ಓಡಿಸಿ, ಆಮೇಲೂ ಅದು ಅನಿಲವನ್ನು ಗುರುತಿಸುತ್ತದೆಯೇ ಎಂದು ನೋಡುತ್ತಿತ್ತು. ಒಂದು ಸಾಲು ಬದಲಿಸಿದರೂ ಅಷ್ಟು ಹೊತ್ತು ಕಾಯಬೇಕು. ತಂಡದ ಮುಖ್ಯಸ್ಥನಾಗಿದ್ದ ನಾನು, ಇದು ಪ್ರತಿಸಲ ತಾನಾಗಿ ಓಡುವುದು ಬೇಡ, ಬೇಕೆನಿಸಿದಾಗ ಓಡಿಸೋಣ ಎಂದೆ.

"ಬೇಕು ಅಂತ ನಿಂಗೆ ಯಾವಾಗ ಗೊತ್ತಾಗುದು ಮಾರಾಯ?" ಎಂದರು. ನಾನು ನಕ್ಕು, ನಿಲ್ಲಿಸಿಯೇಬಿಟ್ಟೆ.

ಮರುದಿನದಿಂದ ಅವರು ಒಂದು ಗಂಟೆ ಮೊದಲೇ ಬಂದು ಅದನ್ನು ತಾವೇ ಓಡಿಸತೊಡಗಿದರು. ಎರಡು ವರ್ಷ. ನನಗೆ ಗೊತ್ತಿತ್ತು, ಹಟವೆಂದುಕೊಂಡು ಸುಮ್ಮನಿದ್ದೆ.

ತಾಯಿ ತೀರಿಕೊಂಡರೆಂದು ಅವರು ಊರಿಗೆ ಹೋದರು. ಆ ಹದಿನೈದು ದಿನಗಳಲ್ಲಿ ನಾವು ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ಕಾರ್ಖಾನೆಗಳಿಗೆ ಕಳಿಸಿದೆವು. ಆ ಟೆಸ್ಟ್ ಯಾರಿಗೂ ನೆನಪಾಗಲಿಲ್ಲ. ನಗರದಂಚಿನ ವಟ್ವಾದ ಒಂದು ಬಣ್ಣದ ಕಾರ್ಖಾನೆಯಲ್ಲಿ ಅನಿಲ ಸೋರಿದಾಗ ಅಲಾರಂ ಕೂಗಲಿಲ್ಲ; ಅರ್ಧ ಗಂಟೆ ಓಡಿದ ಮೇಲೆ ಅದು ಅನಿಲವನ್ನು ಗುರುತಿಸುವುದನ್ನೇ ನಿಲ್ಲಿಸುತ್ತಿತ್ತು. ಮನ್ಸುಖಭಾಯಿ ಎಂಬ ಕೆಲಸಗಾರ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ವಿಚಾರಣೆಯಲ್ಲಿ ವಾರಿಜಕ್ಕ, ರಜೆ ಹೋಗುವಾಗ ಯಾರಿಗಾದರೂ ಹೇಳಿ ಹೋಗಬೇಕಿತ್ತು, ತಪ್ಪು ನನ್ನದು ಎಂದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಬಾಯಿ ತೆರೆಯಲಿಲ್ಲ. ಅವರು ಕೆಲಸ ಬಿಟ್ಟರು.

ಪ್ರತಿ ಶನಿವಾರ ಅವರು ವಟ್ವಾಕ್ಕೆ ಹೋಗಿ ಮನ್ಸುಖಭಾಯಿಯ ಹೆಂಡತಿಯ ಜೊತೆ ಕುಳಿತು ಬರುತ್ತಾರೆಂದು ಆಮೇಲೆ ಕೇಳಿದೆ. ಒಂದು ಸಂಜೆ ಅವರ ಹೋಟೆಲಿಗೆ ಹೋಗಿ, ತಪ್ಪು ನನ್ನದಲ್ಲವೇ ಅಕ್ಕ ಎಂದೆ. ಅವರು ನನ್ನ ಮುಂದೆ ಕಾಫಿ ಇಟ್ಟರು.

"ನಂಗೆ ಗೊತ್ತುಂಟಲ್ಲ. ಅವಳಿಗೆ ಗೊತ್ತಿಲ್ಲ, ತಪ್ಪು ನಂದೇ ಅಂತ ತಿಳ್ಕೊಂಡಿದ್ದಾಳೆ. ಒಮ್ಮೆ ಹೋಗಿ ಹೇಳು."

ಹೋಗುತ್ತೇನೆಂದೆ. ಹೋಗಲಿಲ್ಲ. ಮತ್ತೆ ಅವರನ್ನು ನೋಡಲೂ ಇಲ್ಲ.

ಕಳೆದ ತಿಂಗಳು ಹೃದಯಾಘಾತದಿಂದ ವಾರಿಜಕ್ಕ ಹೋದರು. ಅವರ ಕ್ರಿಯೆಯೆಲ್ಲ ಮುಗಿದ ಮೇಲೆ ವಟ್ವಾಕ್ಕೆ ಹೋದೆ. ವಾರಿಜಕ್ಕನ ಕಚೇರಿಯವನೆಂದು ಹೇಳಿದೊಡನೆ ಮನ್ಸುಖಭಾಯಿಯ ಹೆಂಡತಿ ಕುರ್ಚಿ ಎಳೆದುಕೊಟ್ಟು, ಎರಡು ಶನಿವಾರದಿಂದ ಬೆನ್, ಅಂದರೆ ಅಕ್ಕ, ಬಂದಿಲ್ಲ, ಹುಷಾರಾಗಿದ್ದಾರಾ ಎಂದು ಗುಜರಾತಿಯಲ್ಲಿ ಕೇಳಿದಳು.

ಮೊದಲು ಸಾವಿನ ಸುದ್ದಿ ಹೇಳಬೇಕಾಯಿತು. ಅವಳು ಅಳುತ್ತಿರುವಾಗಲೇ, ಅಲಾರಂನ ಆ ಪರೀಕ್ಷೆ ನಿಲ್ಲಿಸಿದವನು ನಾನು, ಬೆನ್ ಅಲ್ಲ, ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

"ಇಷ್ಟು ದಿನದಲ್ಲಿ ಬೆನ್ ಒಮ್ಮೆಯೂ ನಿಮ್ಮ ಹೆಸರು ಹೇಳಲಿಲ್ಲ."