ಅಗೆಯದೆ ಉಳಿದ ಬೀದಿ

ಇನ್ನೂ ಬೆಳಕು ಹರಿದಿಲ್ಲ. ಬೀದಿಯ ಕೊನೆಯಲ್ಲಿರುವ ಶಿಶುವಿಹಾರದ ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಷ್ಟು ಕೆಳಗೆಳೆದುಕೊಂಡು, ದೊಡ್ಡ ಗ್ಯಾಸ್ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಅವರು ಅಡುಗೆ ಮಾಡುತ್ತಿಲ್ಲ. ಕೆಲಸಕ್ಕೆ ಹೋಗುವವರು ನಸುಕಿಗೇ ತಂದು ಬಿಡುವ ಮಕ್ಕಳಿಗೆ ಹಾಲು ಕಾಯಿಸಿ ಗಂಜಿ ಬೇಯಿಸುವವರು ಅವರ ಓರಗಿತ್ತಿ, ಭಾವನ ಹೆಂಡತಿ. ಈಕೆ ಬರೀ ಉರಿ ನೋಡುತ್ತಿದ್ದಾರೆ. ಪಾತ್ರೆಯ ತಳ ಮುಟ್ಟಿ ಹರಡಿಕೊಂಡಿರುವ ನೀಲಿ ಉರಿ.

"ಹಾಗೆ ಗುರಾಯಿಸ್ತಾ ಕೂತ್ರೆ ಉರಿ ಹೆದರ್ಕೊಂಡು ನಂದಿಹೋಗುತ್ತೆ. ಏಳೇ ಮೇಲೆ, ನನ್ನ ಕಾಲಿಗೆ ಸಿಗ್ತೀಯ," ಎಂದು ಓರಗಿತ್ತಿ ಗದರುತ್ತಾರೆ.

"ಆರು ಗಂಟೆ ಕಳೀಲಿ ಅಕ್ಕ. ಆಮೇಲೆ ನೀವು ಹೇಳೋದೇ ಬೇಡ, ನಾನೇ ಏಳ್ತೀನಿ."

ಈ ಚಳಿಗಾಲದಲ್ಲೇ ಇಂದಿನದು ಅತಿ ಕೊರೆಯುವ ಬೆಳಗು. ಹೊರಗಡೆ ಗೋಡೆಗೆ ಹೊಂದಿಕೊಂಡ ಮೀಟರಿನ ಪಕ್ಕದಲ್ಲಿ ಗ್ಯಾಸ್ ಕಂಪನಿಯ ಇಂಜಿನಿಯರು ಒತ್ತಡ ಅಳೆಯುವ ಗಡಿಯಾರದಂಥ ಉಪಕರಣ ಸಿಕ್ಕಿಸಿಕೊಂಡು, ಕೈ ಉಜ್ಜಿಕೊಳ್ಳುತ್ತ ನಿಂತಿದ್ದಾರೆ. ಮುಳ್ಳು ಕೆಂಪು ಗೀಟಿಗಿಂತ ಕೆಳಗಿಳಿದರೆ ಇಡೀ ಬೀದಿ ಅಗೆದು ದಪ್ಪ ಪೈಪು ಹಾಕುವುದು ಖಂಡಿತ. ಹೊಸ ಪೈಪು ಶಿಶುವಿಹಾರದ ಅಂಗಳದಲ್ಲೇ ಹಾದುಹೋಗಬೇಕು. ಆಗ ಈ ಅಡುಗೆಮನೆ ತಿಂಗಳುಗಟ್ಟಲೆ ಮುಚ್ಚುತ್ತದೆ, ಮಕ್ಕಳನ್ನು ಬೇರೆ ಕಡೆಗೆ ಕಳಿಸುತ್ತಾರೆ. ಆ ಬೇರೆ ಕಡೆಯಲ್ಲಿ ಅಡುಗೆಯವರು ಈಗಾಗಲೇ ಇದ್ದಾರೆ. ಓರಗಿತ್ತಿಯ ಕೆಲಸ ಹೋಗುತ್ತದೆ. ಹೀಗಾಗಿ ಆ ಉರಿಯ ಮೇಲೆ ಇಷ್ಟೊಂದು ಕಣ್ಣು.

ಕುಕ್ಕರಗಾಲಿನಲ್ಲಿ ಕೂತವರನ್ನು ಈ ಬೀದಿ "ಊದುಬತ್ತಿ ಅಕ್ಕ" ಎಂದು ಕರೆಯುತ್ತದೆ. ಗ್ಯಾಸ್ ಕಂಪನಿಯ ಗುತ್ತಿಗೆ ಕೆಲಸ ಅವರದು. ಮನೆ ಮನೆಗೆ ಹೋಗಿ, ಕಡಿಮೆ ಗ್ಯಾಸ್ ಉರಿಸಿ ಬೆಚ್ಚಗಿರುವುದು ಹೇಗೆಂದು ತೋರಿಸಿಕೊಡಬೇಕು. ಗ್ಯಾಸ್ ಮಾರುವ ಕಂಪನಿಯೇ ಸಂಬಳ ಕೊಟ್ಟು ಆಳು ಕಳಿಸಿ, ನಮ್ಮ ಮಾಲು ಕಡಿಮೆ ಕೊಳ್ಳಿ ಅನ್ನುತ್ತದೆಯೇ? ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನೂ ಇದನ್ನು ಕೇಳಿ ಹುಬ್ಬೇರಿಸಿದೆ. ಒಳಗುಟ್ಟು ಸರಳ. ಚಳಿ ಜೋರಾದ ದಿನ ಎಲ್ಲರೂ ಒಟ್ಟಿಗೆ ಗ್ಯಾಸ್ ಎಳೆದರೆ ಹಳೆಯ ಪೈಪಿಗೆ ಅಷ್ಟು ತ್ರಾಣವಿಲ್ಲ. ಹೊಸ ಪೈಪು ಹಾಕಿದರೆ ಆ ಖರ್ಚು ಸುತ್ತಿ ಬಳಸಿ ಗಿರಾಕಿಗಳ ಬಿಲ್ಲಿಗೇ ಬಂದು ಕೂರುತ್ತದೆ. ಅದಕ್ಕಿಂತ ಮನೆಗಳ ಸೋರಿಕೆ ನಿಲ್ಲಿಸುವುದು ಅಗ್ಗ. ಕಚೇರಿಯಲ್ಲಿ ಇದನ್ನು ಯೋಜನೆ ಅನ್ನುತ್ತಾರೆ. ಬೀದಿಯಲ್ಲಿ ಈ ಯೋಜನೆಗೆ ಎರಡು ನೋಯುವ ಮಂಡಿಗಳಿವೆ, ಒಂದು ಚೀಲವಿದೆ.

ಚೀಲದಲ್ಲಿ ಕಿಟಕಿಯ ಸಂದಿಗೆ ಅಂಟಿಸುವ ಪಟ್ಟಿ, ಬಿಸಿನೀರಿನ ಪೈಪಿಗೆ ಸುತ್ತುವ ಫೋಮ್, ಒಂದು ಸ್ಕ್ರೂಡ್ರೈವರ್, ಮತ್ತೆ ಊದುಬತ್ತಿ. ಬತ್ತಿ ಹಚ್ಚಿ ಕಿಟಕಿ, ಬಾಗಿಲಿನ ಅಂಚಿನಲ್ಲಿ ಮೆಲ್ಲಗೆ ಆಡಿಸುತ್ತಾರೆ. ಹೊಗೆ ನೆಟ್ಟಗೆ ಏರಿದರೆ ಸರಿ, ವಾಲಿದರೆ ಅಲ್ಲೊಂದು ಕಳ್ಳಸಂದಿ. ಆದರೆ ಬತ್ತಿ ಹಚ್ಚುವ ಮೊದಲೇ ಅವರು ಒಂದು ಪ್ರಶ್ನೆ ಕೇಳುತ್ತಾರೆ: "ಚಳಿಗಾಲದಲ್ಲಿ ನಿಮ್ಮನೇಲಿ ಯಾರೂ ಕೂತ್ಕೊಳ್ಳದ ಜಾಗ ಯಾವುದು?" ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಯಾರೋ ಒಬ್ಬರು, ಹೌದಲ್ಲ, ಆ ಕುರ್ಚಿ ಮೇಲೆ ಬಟ್ಟೆ ಮಾತ್ರ ಕೂರುತ್ತವೆ, ಅನ್ನುತ್ತಾರೆ. ಅಕ್ಕ ಸೀದಾ ಆ ಕುರ್ಚಿಯ ಹಿಂದೆ ಹೋಗಿ ಬತ್ತಿ ಹಚ್ಚುತ್ತಾರೆ.

ಮೊದಲು ಅವರು ಇದೇ ಕಂಪನಿಗೆ ಮನೆ ಮನೆಯ ಮೀಟರ್ ಓದುತ್ತಿದ್ದವರು. ಮೀಟರುಗಳು ತಮ್ಮ ಲೆಕ್ಕ ತಾವೇ ಕಚೇರಿಗೆ ಕಳಿಸುವುದನ್ನು ಕಲಿತವು, ಓದುವವರು ಮನೆಗೆ ಹೋದರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಹೆಣ್ಣುಮಕ್ಕಳಿಬ್ಬರು ಓದುತ್ತಿದ್ದಾರೆ. ಈ ಗುತ್ತಿಗೆ ಸಿಕ್ಕಾಗ ಎರಡನೇ ಯೋಚನೆಗೆ ಆಸ್ಪದವಿರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಬಾಗಿಲು ತಟ್ಟಿದರೆ ಅರ್ಧ ತೆರೆದರೆ ಪುಣ್ಯ. "ಮೊದಮೊದಲು ಏನಾದ್ರೂ ಮಾರೋಕೆ ಬಂದಿದಾಳೆ ಅಂದ್ಕೊಳ್ಳೋರು. ಏನೂ ಮಾರಲ್ಲ, ಎಲ್ಲ ಪುಕ್ಕಟೆ ಅಂದ್ರೆ ಕಳ್ಳಿ ಅಂದ್ಕೊಳ್ಳೋರು," ಎಂದು ನಗುತ್ತಾರೆ. "ಒಬ್ರಂತೂ ನಾನು ಹೋಗೋವರೆಗೂ ಬೀರು ಮುಂದೇನೇ ನಿಂತಿದ್ರು. ಪಾಪ, ಆ ಬೀರು ಹಿಂದೇನೇ ದೊಡ್ಡ ಬಿರುಕು ಇತ್ತು!"

ಇಷ್ಟೆಲ್ಲ ಹೊಗಳಿದ ಮೇಲೆ ಅವರ ತಪ್ಪನ್ನೂ ಬರೆಯಬೇಕು. ಬರೆಯಿರಿ ಎಂದು ಅವರೇ ಹಟ ಹಿಡಿದಿದ್ದಾರೆ.

ಹಿಂದಿನ ಚಳಿಗಾಲಕ್ಕೆ ಮುಂಚೆ ಕಂಪನಿ ಈ ಬೀದಿಯ ಎಲ್ಲ ಮನೆಗಳಿಗೂ ಟೈಮರ್ ಹಂಚಿತು. ಮನೆ ಬೆಚ್ಚಗಿಡುವ ಬಾಯ್ಲರು ರಾತ್ರಿಯೆಲ್ಲ ಸುಮ್ಮನೆ ಉರಿಯುವ ಬದಲು, ಟೈಮರ್ ಇಟ್ಟ ಹೊತ್ತಿಗೆ ತಾನೇ ಹೊತ್ತಿಕೊಳ್ಳುತ್ತದೆ. ಅಕ್ಕ ಪ್ರತಿ ಮನೆಗೂ ಹೋಗಿ ತಮ್ಮ ಕೈಯಾರೆ ಅದನ್ನು ಕೂರಿಸಿದರು. ಎಷ್ಟು ಗಂಟೆಗೆ ಇಡಲಿ ಎಂದರೆ, ನೀವೇ ಯಾವುದೋ ಒಂದಕ್ಕೆ ಇಡಿ ಎನ್ನುವವರೇ ಎಲ್ಲ. ಇವರು ಆರಕ್ಕೆ ಇಟ್ಟರು. ಪಕ್ಕದ ಮನೆಗೂ ಆರು, ಎದುರು ಮನೆಗೂ ಆರು. ಬೀದಿಯ ಒಟ್ಟು ಗ್ಯಾಸ್ ಖರ್ಚು ಚೆನ್ನಾಗಿಯೇ ಇಳಿಯಿತು. ಕಚೇರಿಯವರು ಬೆನ್ನು ತಟ್ಟಿದರು. ಅದೇ ವಾರ ಶಿಶುವಿಹಾರದ ಒಲೆ ಕೈಕೊಟ್ಟಿತು.

"ಸರಿಯಾಗಿ ಹಾಲು ಇಡೋ ಹೊತ್ತಿಗೆ ಉರಿ ಕುಗ್ಗೋದು, ಬೆರಳುಗುರಿನಷ್ಟಾಗೋದು, ಪಟ್ ಅಂತ ನಂದೋದು," ಓರಗಿತ್ತಿ ಸೌಟು ಝಾಡಿಸಿ ಹೇಳುತ್ತಾರೆ. "ಮಕ್ಕಳು ತಟ್ಟೆ ಬಡೀತಾ ಕೂತಿರೋವು. ಇವಳು ಊರಿಗೆಲ್ಲ ಬುದ್ಧಿ ಹೇಳಿ ನನ್ನ ಒಲೆ ಕೆಡಿಸಿದ್ಲು. ಕೆಲಸ ಕಳೆಯೋಕೆ ಹೊರಗಿನವರು ಬೇಕಾಗ್ಲಿಲ್ಲ, ಮನೆಯವಳೇ ಸಾಕಾದ್ಲು!"

ಆಗ ಯಾರಿಗೂ ಕಾರಣ ಹೊಳೆದಿರಲಿಲ್ಲ. ಇಂಜಿನಿಯರು ಪೈಪು ಪರೀಕ್ಷಿಸಿದರು, ಎಲ್ಲೂ ಕಟ್ಟಿಕೊಂಡಿರಲಿಲ್ಲ. ಹಳೆಯ ಪೈಪಿಗೆ ವಯಸ್ಸಾಯಿತು, ಅಗೆಯುವುದೇ ದಾರಿ ಅಂದರು. ಅಕ್ಕನಿಗೆ ಮಾತ್ರ ಸಮಾಧಾನವಾಗಲಿಲ್ಲ. ಒಂದು ಬೆಳಗ್ಗೆ ಬೀದಿಯ ಮಧ್ಯೆ ಬಂದು ನಿಂತರು. ಆರು ಹೊಡೆಯುತ್ತಿದ್ದ ಹಾಗೆ ಆ ತುದಿಯಿಂದ ಈ ತುದಿಯವರೆಗೆ ಪ್ರತಿ ಮನೆಯ ಗೋಡೆಯ ಬಾಯ್ಲರ್ ಕೊಳವೆಯಿಂದಲೂ ಒಟ್ಟಿಗೆ ಬಿಳಿ ಹಬೆ ಎದ್ದಿತು, ಯಾರೋ ಸೀಟಿ ಊದಿದಂತೆ.

"ಆಗ ಹೊಳೀತು. ಎಲ್ಲಾ ಬಾಯ್ಲರೂ ಒಂದೇ ಹೊತ್ತಿಗೆ ಹತ್ಕೊಳ್ತಿವೆ. ಇಟ್ಟೋಳು ಯಾರು? ನಾನೇ," ಎನ್ನುತ್ತಾರೆ. ಇಡೀ ದಿನಕ್ಕೆ ಬೇಕಾದ ಗ್ಯಾಸ್ ಕಡಿಮೆಯಾಗಿತ್ತು ನಿಜ. ಆದರೆ ಆರು ಗಂಟೆಯ ಆ ಒಂದು ಹೊತ್ತಿಗೆ ಮೊದಲಿಗಿಂತ ಹೆಚ್ಚು ಬೇಕಾಗುತ್ತಿತ್ತು. ಪೈಪಿನ ಕೊನೆಯ ಒಲೆಗೆ ಉಳಿಯುತ್ತಿದ್ದುದು ಎಲ್ಲರ ಎಂಜಲು.

ಅವರು ಸುಮ್ಮನಿರಬಹುದಿತ್ತು. ಪೈಪಿನ ಮೇಲೆ ತಪ್ಪು ಹೊರಿಸಿಯಾಗಿತ್ತು, ಪೈಪು ಬಾಯಿಬಿಟ್ಟು ಹೇಳುವುದಿಲ್ಲ. ಅವರು ನೇರ ಇಂಜಿನಿಯರ ಬಳಿ ಹೋಗಿ, ತಪ್ಪು ನನ್ನದು ಎಂದರು. ನನಗೆ ಅವರ ಮೇಲೆ ಗೌರವ ಉಕ್ಕಿದ್ದು ಈ ಮಾತು ಕೇಳಿದಾಗಲೇ. ಗುತ್ತಿಗೆ ಕೆಲಸದವರು ತಪ್ಪು ಒಪ್ಪಿಕೊಂಡರೆ ಏನಾಗಬಹುದು ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಇಂಜಿನಿಯರೂ ದೊಡ್ಡ ಮನಸ್ಸಿನವರು. ಅಗೆತವನ್ನು ಒಂದು ಚಳಿಗಾಲದ ಮಟ್ಟಿಗೆ ಮುಂದೂಡಿದರು. ಅತಿ ಚಳಿಯ ಬೆಳಗ್ಗೆ ಮುಳ್ಳು ಗೀಟು ಮುಟ್ಟದಿದ್ದರೆ ಬೀದಿ ಉಳಿಯುತ್ತದೆ ಅಂದರು.

ಅಕ್ಕ ಮತ್ತೆ ಬಾಗಿಲು ತಟ್ಟಲು ಹೊರಟರು. ಈ ಸಲ ಕೇಳಬೇಕಾದ್ದು ಇನ್ನೂ ಕಷ್ಟದ್ದು: ನಿಮ್ಮ ಆರು ಗಂಟೆ ಬಿಟ್ಟುಕೊಡಿ. ಕೈಗೂಸಿನ ಮನೆಗೆ ನಾಲ್ಕೂವರೆ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸಮ್ಮನಿಗೆ ಎಂಟು. ತಡವಾಗಿ ಏಳುವ ಟೈಲರಿಗೆ ಒಂಬತ್ತಾದರೂ ಅವಸರವಿಲ್ಲ. ಐದಕ್ಕೆ ಒಪ್ಪಿದವರಿಗೆ ಆರಕ್ಕೆ ಬಾಯ್ಲರು ಆಫ್ ಆದರೂ ಮನೆ ತಣ್ಣಗಾಗಬಾರದು. ಅದಕ್ಕೆ ಸಂದಿಗಳನ್ನು ಇನ್ನೊಮ್ಮೆ ಮುಚ್ಚಿಕೊಟ್ಟರು. ಬಿಸಿ ಹಿಡಿದಿಟ್ಟುಕೊಳ್ಳುವ ಮನೆಗೆ ಯಾವ ಹೊತ್ತಾದರೇನು?

ಜಪ್ಪಯ್ಯ ಅಂದರೂ ಒಪ್ಪದವರು ಬೀದಿಯ ಮೊದಲ ಮನೆಯ ನಿವೃತ್ತ ರೈಲು ಗಾರ್ಡ್. ನಲವತ್ತು ವರ್ಷದಿಂದ ಆರಕ್ಕೆ ಎದ್ದು ಬೆಚ್ಚಗಿನ ನೆಲಕ್ಕೆ ಕಾಲಿಟ್ಟವರು. "ನನ್ನ ಮನೆ, ನನ್ನ ಗ್ಯಾಸು, ನನ್ನ ದುಡ್ಡು. ನಿಮ್ಮ ಅಡುಗೆಮನೆ ನಾನೇನು ಕಂಡಿದೀನಾ?" ಎಂದು ಬಾಗಿಲು ಹಾಕಿಕೊಂಡರು. ಗಾರ್ಡ್ ಸಾಹೇಬರು ಬದಲಾಯಿಸದಿದ್ದರೆ ನಾವೂ ಇಲ್ಲ ಎಂದು ಅಕ್ಕಪಕ್ಕದವರೂ ರಾಗ ಎಳೆದರು.

ಅಕ್ಕ ವಾದ ಮಾಡಲಿಲ್ಲ. "ಕಂಡಿಲ್ಲ ತಾನೆ? ಹಾಗಾದ್ರೆ ಬನ್ನಿ ಸಾರ್, ತೋರಿಸ್ತೀನಿ," ಎಂದು ಮರುದಿನ ಬೆಳಗ್ಗೆ ಇದೇ ಒಲೆಯ ಮುಂದೆ ಒಂದು ಸ್ಟೂಲು ಹಾಕಿ ಕೂರಿಸಿದರು. ಆರಾಯಿತು. ಉರಿ ಕುಗ್ಗಿ ಕುಗ್ಗಿ ನಂದಿತು. ತಟ್ಟೆ ಹಿಡಿದ ಮಕ್ಕಳು ಗಾರ್ಡರನ್ನೇ ನೋಡಿದವು. ಅವರು ತಾವೇ ಬಗ್ಗಿ ಒಲೆಯ ಗುಂಡಿ ತಿರುಗಿಸಿ ನೋಡಿದರಂತೆ. ಆಮೇಲೆ ಎದ್ದು, "ಒಂದೇ ಹಳಿ ಮೇಲೆ ಎಲ್ಲಾ ಗಾಡಿ ಒಟ್ಟಿಗೆ ಬಿಟ್ಟಿದೀಯಲ್ಲಮ್ಮ! ಇಷ್ಟು ಸಣ್ಣ ವಿಷಯ ಮೊದಲೇ ಬಿಡಿಸಿ ಹೇಳೋಕೇನಾಗಿತ್ತು?" ಎಂದು ಅಕ್ಕನನ್ನೇ ಗದರಿದರಂತೆ. ಅವತ್ತಿನಿಂದ ಅವರ ಬಾಯ್ಲರು ಏಳಕ್ಕೆ. ಅಷ್ಟೇ ಅಲ್ಲ, ರಾಗ ಎಳೆದವರ ಮನೆಗೆಲ್ಲ ತಾವೇ ಹೋಗಿ, ಟೈಮರ್ ಬದಲಾಗುವವರೆಗೆ ಹೊಸಲು ಬಿಟ್ಟು ಕದಲಲಿಲ್ಲ.

ಈಗ ಗೋಡೆಯ ಗಡಿಯಾರದಲ್ಲಿ ಆರಾಗುತ್ತಿದೆ. ಓರಗಿತ್ತಿಯ ಸೌಟು ನಿಂತಿದೆ. ಉರಿ ಒಮ್ಮೆ ನಡುಗುತ್ತದೆ, ಒಂದಿಷ್ಟು ಕುಗ್ಗುತ್ತದೆ. ಅಕ್ಕನ ಕೈ ತನ್ನಷ್ಟಕ್ಕೇ ಓರಗಿತ್ತಿಯ ಸೆರಗು ಹಿಡಿಯುತ್ತದೆ. ಉರಿ ಅಲ್ಲಿಗೇ ನಿಲ್ಲುತ್ತದೆ. ನೀಲಿಯಾಗಿ, ಪಾತ್ರೆಯ ತಳ ಬಿಡದೆ. ಸ್ವಲ್ಪ ಹೊತ್ತಿಗೆ ಹಾಲು ಉಕ್ಕಿ ಬರುತ್ತದೆ, ಬಾಗಿಲು ತಳ್ಳಿಕೊಂಡು ಇಂಜಿನಿಯರು ಒಳಗೆ ಬರುತ್ತಾರೆ.

"ಗೀಟು ಮುಟ್ಲಿಲ್ಲ," ಅನ್ನುತ್ತಾರೆ. "ಅಗೆಯೋದಿಲ್ಲ."

ಅಕ್ಕನ ಕಣ್ಣು ತುಂಬುತ್ತದೆ. ಓರಗಿತ್ತಿ ಅದನ್ನು ನೋಡಿಯೂ ನೋಡದವರಂತೆ ಮೊದಲ ಲೋಟ ಹಾಲು ಬಗ್ಗಿಸಿ ಅವರ ಕೈಗಿಡುತ್ತಾರೆ. "ಕುಡಿ. ನಾಳೆಯಿಂದ ಇಲ್ಲಿಗೆ ಬಂದು ಕಾವಲು ಕೂರ್ಬೇಡ. ಮನೇಲಿ ಮಲ್ಕೋ. ನನ್ನ ಒಲೆ ಏನೂ ಆಗಲ್ಲ."

ಅಕ್ಕ, ನಾನು ಇಬ್ಬರೂ ಹೊರಗೆ ಬರುತ್ತೇವೆ. ಬೆಳಕು ಹರಿಯುತ್ತಿದೆ. ಒಂದು ಮನೆಯ ಗೋಡೆಯಿಂದ ಹಬೆ ಏಳುತ್ತದೆ, ಸ್ವಲ್ಪ ಬಿಟ್ಟು ಇನ್ನೊಂದರಿಂದ. ಮುಂದೇನಾಸೆ ಎಂದು ಕೇಳಿದೆ. ಗುತ್ತಿಗೆ ಇನ್ನೊಂದು ವರ್ಷ ಮುಂದುವರಿದರೆ ಪಕ್ಕದ ಬೀದಿ ಹಿಡಿಯಬೇಕು, ಮಂಡಿಗೊಂದು ಒಳ್ಳೆ ಪಟ್ಟಿ ಕೊಳ್ಳಬೇಕು, ಅಷ್ಟೇ ಅಂದರು. ಫೋಟೊ ಎಲ್ಲಿ ತೆಗೆಯೋಣ ಎಂದಾಗ ಮಾತ್ರ ಪೇಚಿಗೆ ಸಿಕ್ಕಿಕೊಂಡು ಅತ್ತಿತ್ತ ನೋಡಿದರು.

"ಸೇತುವೆ ಕಟ್ಟಿದೋರು ಸೇತುವೆ ಮುಂದೆ ನಿಂತ್ಕೋತಾರೆ. ನಾನು ಏನು ತೋರಿಸ್ಲಿ?" ಎಂದವರು, ಬೀದಿಯ ನಡುವೆ ಹೋಗಿ ನಿಂತು, ಬಿರುಕಿಲ್ಲದ ಟಾರಿನ ಮೇಲೆ ಒಮ್ಮೆ ಕಾಲು ತಟ್ಟಿದರು. "ಇಲ್ಲೇ ತೆಗೀರಿ. ಈ ರಸ್ತೆ ಪೂರ್ತಿ ಬರ್ಲಿ. ನೋಡಿ, ಎಲ್ಲೂ ಅಗೆದಿಲ್ಲ. ಇದೇ ನಾನು ಮಾಡಿದ್ದು."