ದೊಡ್ಡಪ್ಪ ನೋಡಿ ಕೊಡಿಸಿದ ಲೆನ್ಸು

ನನ್ನ ಕ್ಯಾಮೆರಾ ಬ್ಯಾಗಿನಲ್ಲಿ ಲೆನ್ಸು ಸುತ್ತಿಡುವ ಒಂದು ಬಟ್ಟೆಯಿದೆ. ಹಸಿರು ಅಂಚಿನ ಹಳೆಯ ಪಂಚೆಯ ತುಂಡು. ನಟ್ಟನಡುವೆ ಕಡಲೆಕಾಳಿನಷ್ಟು ತೂತು, ಅದರ ಸುತ್ತ ಕಂದು ಕಲೆ. ಎಷ್ಟು ಒಗೆದರೂ ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ ಬರುತ್ತದೆ, ಅಥವಾ ಬರುತ್ತದೆಂದು ನನಗನ್ನಿಸುತ್ತದೆ. ಇವತ್ತು ಬೆಳಿಗ್ಗೆ ಅದನ್ನು ಒಗೆದು ತಂತಿಗೆ ಹಾಕುತ್ತಿದ್ದಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, "ಇಲಿ ಕಡೀತೇನ್ರೀ?" ಎಂದರು. "ಇಲ್ಲ, ಸೂರ್ಯ ಕಡಿದ" ಎಂದೆ. ಆಕೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ನೀವು ಹಾಗೆ ಹೋಗುವವರಲ್ಲ ಅಂದುಕೊಂಡು ಹೇಳುತ್ತಿದ್ದೇನೆ.

ನಾನು ಕಡೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ರಜೆ ಸಿಕ್ಕರೆ ಕ್ಯಾಮೆರಾ ಹೆಗಲಿಗೇರಿಸಿ ಕಾವಲಿನ ಹುಲ್ಲುಗಾವಲಿನಲ್ಲಿ ಹಕ್ಕಿಗಳ ಹಿಂದೆ ಅಲೆಯುತ್ತೇನೆ. ಹೊಸ ಲೆನ್ಸಿನ ಬೆಲೆ ಕೇಳಿದರೆ ಹಕ್ಕಿಗಳ ಸಹವಾಸವೇ ಬೇಡ ಅನ್ನಿಸುತ್ತದೆ. ಹಾಗಾಗಿ ಎರಡು ವರ್ಷದ ಹಿಂದೆ, ಬೀರೂರಿನಲ್ಲಿ ಒಂದು ಹಳೇ ಸ್ಟುಡಿಯೋ ಮುಚ್ಚುತ್ತಿದ್ದಾರೆ, ಒಂದು ಲೆನ್ಸು ಮಾರಾಟಕ್ಕಿದೆ ಎಂಬ ಸುದ್ದಿ ಬಂದಾಗ ಹೊರಟೇಬಿಟ್ಟೆ. ಕರೆಯದಿದ್ದರೂ ಜೊತೆಗೆ ಬಂದವರು ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ಹಿರೇನಲ್ಲೂರಿನ ಮಗ್ಗುಲಲ್ಲಿ ಊರು, ಒಂದಿಷ್ಟು ಬೆದ್ದಲು ಹೊಲ, ಒಂದು ತೆಂಗಿನ ತೋಟ. ಆದರೆ ಅವರ ಹೆಸರು ಇರುವುದು ತೆಂಗಿನಕಾಯಿಯಿಂದಲ್ಲ, ಕಣ್ಣಿನಿಂದ. ಕಡೂರು, ಬೀರೂರು, ಅಜ್ಜಂಪುರದ ಕಡೆ ಎತ್ತು ಕೊಳ್ಳುವವರು ಮೊದಲು ಅವರನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಹಲ್ಲು, ಗೊರಸು, ಮೈಮೇಲಿನ ಕೂದಲ ಸುಳಿ ನೋಡಿ ಎತ್ತಿನ ಜಾತಕವನ್ನೇ ಹೇಳಿಬಿಡುತ್ತಾರೆ. ಅದಕ್ಕೆ ಒಂದು ಲೋಟ ಕಾಫಿ ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ. ಈ ವ್ಯವಹಾರದ ನೇಮಗಳನ್ನು ನಾನು ಚಿಕ್ಕವಳಿದ್ದಾಗಲೇ ಅವರಿಂದ ಕೇಳಿದ್ದೇನೆ. ಸುಳಿ ಕೆಟ್ಟದಿದ್ದರೆ ಮಾರುವವನು ಹಗ್ಗ ಕೊಡುವ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಹಗ್ಗ ಕೈ ಬದಲಾದ ಮೇಲೆ ಮಾತ್ರ ಯಾರೂ ತುಟಿ ಬಿಚ್ಚಬಾರದು. ಹಳೇ ಸಾಮಾನು ಕೊಳ್ಳಲು ಹೆಣ್ಣುಮಗಳು ಒಬ್ಬಳೇ ಹೊರಟಿದ್ದಾಳೆ ಎಂದು ತಿಳಿದ ಮೇಲೆ ಅವರು ಮನೆಯಲ್ಲಿ ಕೂರುವುದುಂಟೇ?

ಸ್ಟುಡಿಯೋದವರು ಒಳ್ಳೆಯ ಮನುಷ್ಯರು. ಲೆನ್ಸನ್ನು ಮೇಜಿನ ಮೇಲಿಟ್ಟು, "ತುಂಬಾ ದಿನದಿಂದ ಪೆಟ್ಟಿಗೇಲೇ ಇತ್ತು ಮೇಡಂ. ಒಳಗೆ ಏನಾಗಿದ್ಯೋ ನಂಗೂ ಗೊತ್ತಿಲ್ಲ. ಬೆಳಕಿಗೆ ಹಿಡ್ದು ನೋಡ್ಕೊಂಡೇ ತಗೊಳ್ಳಿ" ಎಂದರು. ನಾನು ಕೈ ಚಾಚುವಷ್ಟರಲ್ಲಿ ಅದು ದೊಡ್ಡಪ್ಪನ ಕೈ ಸೇರಿತ್ತು. ಅಂಗೈಯಲ್ಲಿ ತೂಗಿದರು. ಉಗುರಿನಿಂದ ಟಕ್ ಎನ್ನಿಸಿ ಕಿವಿಗೊಟ್ಟರು. ಮೂಸಿದರು. ಎಲ್ಲಿ ಬಾಯಿ ಬಿಡಿಸಿ ಹಲ್ಲೆಣಿಸುತ್ತಾರೋ ಎಂದು ನನಗೆ ದಿಗಿಲು. ಕೊನೆಗೆ ಒಂದು ಕಣ್ಣು ಮುಚ್ಚಿ, ಲೆನ್ಸನ್ನು ಬೀದಿಯ ಬಿಸಿಲಿಗೆ ಹಿಡಿದು ನಿಧಾನವಾಗಿ ನೋಡಿ, "ಸುಳಿ ಸುದ್ದ ಐತೆ. ತಗೋ ಮಗಾ" ಎಂದರು.

ತಗೊಂಡೆ. ಕಣ್ಣಾರೆ ಕಂಡದ್ದನ್ನು ಮಾತ್ರ ರೆಕಾರ್ಡಿನಲ್ಲಿ ಬರೆಯಿರಿ ಎಂದು ವರ್ಷವಿಡೀ ಹುಡುಗರಿಗೆ ಬುದ್ಧಿ ಹೇಳುವ ನಾನು, ಒಮ್ಮೆಯೂ ಅದರೊಳಗೆ ಇಣುಕಿ ನೋಡಲಿಲ್ಲ.

ಮನೆಗೆ ಬಂದು ಮೊಬೈಲ್ ಟಾರ್ಚು ಬಿಟ್ಟಾಗ ಕಂಡಿತು. ಒಳಗಿನ ಗಾಜಿನ ಒಂದು ಅಂಚಿನಿಂದ ನಡುವಿನವರೆಗೆ ಬಿಳಿ ಎಳೆ, ಎಳೆಯಿಂದ ಕವಲು, ಕವಲಿಗೆ ಮರಿಕವಲು. ಶಿಲೀಂಧ್ರದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೋ! "ಬೂಷ್ಟು, ಅನುಮಾನವೇ ಇಲ್ಲ" ಎಂದು ಗೋಡೆಗೆ ಹೇಳಿದೆ. ಕಾಫಿ ಕುಡಿದು ಬಂದು ಮತ್ತೆ ನೋಡಿದಾಗ ಕೂದಲಿರಬಹುದೇ ಅನ್ನಿಸಿತು. ಊಟವಾದ ಮೇಲೆ ನೋಡಿದರೆ ಜೇಡರ ಬಲೆ. ವಾಟ್ಸಾಪಿನ ಫೋಟೋ ಗುಂಪಿನಲ್ಲಿ ಕೇಳಿದೆ. ಊರಿಗೊಬ್ಬ ಪಂಡಿತರು. ಬೇರೆ ಲೆನ್ಸುಗಳಿಗೂ ಅಂಟುತ್ತದೆ, ದೂರವಿಡಿ ಎಂದು ಒಬ್ಬರು ಹೇಳಿದ್ದಕ್ಕೆ ಅಮ್ಮ ಬಂದ ಮಗುವಿನ ಹಾಗೆ ಅದನ್ನು ಪ್ರತ್ಯೇಕವಾಗಿ ಅಡುಗೆಮನೆಯ ಮೇಲ್ಗೂಡಿನಲ್ಲಿ ಮಲಗಿಸಿದೆ. ಬಿಸಿಲಿಗಿಟ್ಟರೆ ಸಾಯುತ್ತದೆ ಎಂದು ಇನ್ನೊಬ್ಬರು.

ವಾಪಸು ಕೊಟ್ಟುಬಿಡೋಣ ಎಂದು ದೊಡ್ಡಪ್ಪನಿಗೆ ಫೋನು ಮಾಡಿದೆ.

"ವಾಪಸ್ಸಾ? ಅವ್ನು ನೋಡ್ಕಂಡು ತಗಳಿ ಅಂದ. ನಾನು ನೋಡ್ದೆ. ಹಗ್ಗ ಕೈ ಬದಲಾಯ್ತು. ಇನ್ನೇನ್ ಮಾತು?" ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಬೂಷ್ಟು ಅಂದ್ರೆ ಬಿಸ್ಲಿಗೆ ಹಾಕೋದಪ್ಪ. ಉಪ್ಪಿನಕಾಯಿಗೆ ಹಾಕಲ್ವಾ, ಕೊಬ್ಬರಿಗೆ ಹಾಕಲ್ವಾ? ತಗಂಬಾ ಭಾನುವಾರ."

ಹೋದೆ. ದೊಡ್ಡಮ್ಮ ತಾರಸಿಯ ಮೇಲೆ ಸಂಡಿಗೆ ಹಾಕಿದ್ದರು. ಕಾಗೆ ಕಾಯಲು ದೊಡ್ಡಪ್ಪ ಕೋಲು ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು. ಧೂಳು ತಾಗದಿರಲೆಂದು ಅವರದೇ ಒಗೆದ ಪಂಚೆಯನ್ನು ಅವರ ಕಾಲ ಬಳಿ ಮಡಿಸಿ ಹಾಸಿದೆ. ಅದರ ಮೇಲೆ ಎರಡು ಇಟ್ಟಿಗೆ, ಇಟ್ಟಿಗೆಗಳ ಸಂದಿಯ ಮೇಲೆ ಆಕಾಶಕ್ಕೆ ಮುಖ ಮಾಡಿ ಲೆನ್ಸು. ಹಿಂದಿನ ಮುಂದಿನ ಮುಚ್ಚಳ ತೆಗೆದು, ಬೆಳಕು ಬಿಡುವ ಬಳೆಯನ್ನು ಪೂರ್ತಿ ತಿರುಗಿಸಿ ಅಗಲ ಮಾಡಿದೆ. ಬೂಷ್ಟಿನ ಮೊಮ್ಮಕ್ಕಳೂ ಉಳಿಯಬಾರದು ಎಂಬ ಉತ್ಸಾಹ. ಭೂತಗನ್ನಡಿ ಹಿಡಿದು ಕಾಗದ ಸುಟ್ಟು ಆಡಿದ್ದೆಲ್ಲ ಆ ಉತ್ಸಾಹದಲ್ಲಿ ಮರೆತೇಹೋಗಿತ್ತು. ಕಾಫಿಗೆಂದು ಕೆಳಗಿಳಿದೆ.

ಮೇಲೆ ಬಂದಾಗ ದೊಡ್ಡಪ್ಪನ ಮೊಣಕಾಲಿನ ಪಕ್ಕದಲ್ಲೇ ಹೊಗೆ ಏಳುತ್ತಿತ್ತು. "ದೊಡ್ಡಪ್ಪಾ!" ಎಂದು ಕೂಗಿದೆ.

"ನಂಗೂ ವಾಸ್ನೆ ಬತ್ತೈತೆ ಕಣೇ" ಎಂದರು ಅವರು, ಬೀದಿಯ ಕಡೆ ಮುಖ ಮಾಡಿ. "ಯಾರ ಮನೇಲೋ ಏನೋ ಸೀದೋಯ್ತು ನೋಡು."

ಓಡಿಹೋಗಿ ಲೆನ್ಸು ಎತ್ತಿಕೊಂಡು ಪಂಚೆ ತುಳಿದೆ. ಆಗ ನೋಡಿದರೆ ಸಂಡಿಗೆಯ ಮೂಲೆಯಲ್ಲಿ ಒಂದು ಕಾಗೆ, ತವರಿಗೆ ಬಂದಂತೆ ನಿಂತು ತಿನ್ನುತ್ತಿದೆ. ಕೋಲು ದೊಡ್ಡಪ್ಪನ ತೊಡೆಯ ಮೇಲೆ ಸುಮ್ಮನಿದೆ. ಕೈಯಲ್ಲಿದ್ದ ಲೆನ್ಸನ್ನು ಬಿಸಿಲಿಗೆ ಹಿಡಿದೆ. ಟಾರ್ಚೇ ಬೇಡ, ಎಳೆ ಬರಿಗಣ್ಣಿಗೆ ಕಾಣುತ್ತಿತ್ತು. ಬೀರೂರಿನಲ್ಲಿ ಅವರು ಹೀಗೇ ಹಿಡಿದು ನೋಡಿದ್ದರು. ಲೆನ್ಸು ಹಿಡಿದುಕೊಂಡೇ ಕೆಳಗಿಳಿದೆ.

ಅಡುಗೆಮನೆಯಲ್ಲಿ ದೊಡ್ಡಮ್ಮನನ್ನು ಕೇಳಿದೆ, "ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಒಂದು ಕಣ್ಣು ಪೂರಾ ಮಬ್ಬು, ಇನ್ನೊಂದೂ ಅದರ ಹಿಂದೇನೇ ಹೊಂಟೈತೆ. ಯಾರಿಗೂ ಹೇಳ್ಬೇಡ ಅಂದವ್ರೆ. ಆಪರೇಷನ್ ಅಂದ್ರೆ ಊಟ ಬಿಟ್ಟು ಎದ್ದೋಯ್ತಾರೆ." ದೊಡ್ಡಮ್ಮ ದನಿ ತಗ್ಗಿಸಿದರು. "ಬುಧವಾರ ಚೌಳಹಿರಿಯೂರಿಂದ ಸಿದ್ರಾಮಣ್ಣ ಬತ್ತಾನೆ, ಅಜ್ಜಂಪುರದ ಕಡೆ ಜೋಡೆತ್ತು ನೋಡಕ್ಕೆ ಇವ್ರನ್ನ ಕರ್ಕಂಡು ಹೋಗ್ಬೇಕಂತೆ. ಹೂಂ ಅಂದ್ಬಿಟ್ಟವ್ರೆ."

ಲೆನ್ಸು ಕೆಟ್ಟರೆ ನನಗೊಂದು ಹಕ್ಕಿ ತಪ್ಪೀತು. ಸಿದ್ರಾಮಣ್ಣ ಎತ್ತನ್ನೇ ನಂಬಿ ಹೊಲ ಮಾಡುವವನು. ಅವನಿಗೆ ಕೆಟ್ಟ ಜೋಡಿ ಗಂಟುಬಿದ್ದರೆ ಅವನ ವರ್ಷದ ಗೇಮೆಯೂ ಹೋಯಿತು, ದೊಡ್ಡಪ್ಪ ಬದುಕಿಡೀ ಉಳಿಸಿಕೊಂಡ ಹೆಸರೂ ಹೋಯಿತು. ತಾರಸಿಗೆ ವಾಪಸು ಹೋಗಿ ಅವರ ಕಾಲ ಬಳಿ ಕೂತೆ. ಸುತ್ತಿಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ದೊಡ್ಡಪ್ಪ, ಲೆನ್ಸಲ್ಲಿ ಬೂಷ್ಟಿದೆ. ನಿಂಗೆ ಕಾಣಿಸ್ಲಿಲ್ಲ."

"ಸಣ್ಣದಿರ್ಬೇಕು."

"ಸಣ್ಣದಲ್ಲ. ಪಂಚೆ ಸುಟ್ಟಿದ್ದೂ ಕಾಣಿಸ್ಲಿಲ್ಲ."

ಅವರ ಮುಖ ಕೆಂಪಾಯಿತು. "ಓದ್ಬಿಟ್ಟಿದೀನಿ ಅಂತ ನಂಗೇ ಪಾಠ ಹೇಳಕ್ ಬಂದ್ಯಾ?"

"ಪಾಠ ನಂದಲ್ಲ, ನಿಂದೇ. ಹಗ್ಗ ಕೊಡೋಕೆ ಮುಂಚೆ ಸುಳಿ ಹೇಳ್ಬೇಕು ಅಂತ ಕಲಿಸ್ದೋನು ನೀನು. ಬುಧವಾರ ಸಿದ್ರಾಮಣ್ಣಂಗೆ ನಿನ್ ಕಣ್ಣು ಕೊಡ್ತಿದೀಯಲ್ಲ, ಅದರ ಸುಳಿ ಹೇಳಿದ್ಯಾ?"

ಅವರು ಕೋಲೆತ್ತಿ "ಹುಶ್" ಎಂದು ಬೀಸಿದರು. ಕಾಗೆ ಹಾರಿಹೋಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ಸಂಜೆಯ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕಡೂರಿನವರೆಗೂ ಅತ್ತೆ. ಆಡಿದ ಮಾತಿಗೆ ಪಶ್ಚಾತ್ತಾಪವಿರಲಿಲ್ಲ. ಆ ಮನುಷ್ಯನಿಗೆ ಅದನ್ನು ನಾನು ಆಡಬೇಕಾಯಿತಲ್ಲ ಎಂಬ ಸಂಕಟ.

ಬುಧವಾರ ದೊಡ್ಡಮ್ಮನ ಫೋನು ಬಂತು. ಸಿದ್ರಾಮಣ್ಣ ಕಾಫಿ ಲೋಟ ಬಾಯಿಗಿಡುವ ಮುಂಚೆಯೇ ದೊಡ್ಡಪ್ಪ ಹೇಳಿಬಿಟ್ಟರಂತೆ: "ಸಿದ್ರಾಮ, ನನ್ ಕಣ್ಣಿಗೆ ಪೊರೆ ಬಂದೈತೆ ಕಣಪ್ಪಾ. ಹಲ್ಲು ಬೆರಳಲ್ಲೇ ಮುಟ್ಟಿ ಹೇಳ್ತೀನಿ, ಸುಳಿ ಕಾಣಲ್ಲ. ಬೇಕಾದ್ರೆ ಕರ್ಕಂಡ್ ಹೋಗು, ಬ್ಯಾಡಾಂದ್ರೆ ಬಿಡು." ಸಿದ್ರಾಮಣ್ಣ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟು, "ಎತ್ತೇನು, ಮುಂದಿನ ತಿಂಗ್ಳೂ ಸಿಗ್ತವೆ. ಕಣ್ಣು ಸರಿ ಮಾಡಿಸ್ಕಂಡು ಬನ್ನಿ ಗೌಡ್ರೇ, ಕಾಯ್ತೀನಿ" ಎಂದನಂತೆ. ಇಷ್ಟು ಹೇಳಿ ದೊಡ್ಡಮ್ಮ ಮೂಗೊರೆಸಿಕೊಂಡದ್ದು ನನಗೆ ಫೋನಿನಲ್ಲೇ ಕೇಳಿಸಿತು.

ಕಣ್ಣಾಸ್ಪತ್ರೆಗೆಂದು ನಾನೂ ದೊಡ್ಡಪ್ಪನೂ ಬೀರೂರಿನಿಂದ ಶಿವಮೊಗ್ಗದ ರೈಲು ಹತ್ತಿದೆವು. ದೊಡ್ಡಪ್ಪ ತುಟಿ ಬಿಚ್ಚಿದ್ದು ತರೀಕೆರೆ ಸ್ಟೇಷನ್ನಿನಲ್ಲಿ. "ಒಳಗಿನ ಗಾಜು ತೆಗ್ದು ಬೇರೇದು ಹಾಕ್ತಾರಂತೆ, ಹೌದಾ?"

"ಹೌದು."

"ನಿನ್ ಲೆನ್ಸಿಗೂ ಹಂಗೇ ಮಾಡ್ಸು ಮತ್ತೆ."

"ಅದು ಹಳೇದು. ಅದಕ್ಕೆ ಹೊಸ ಗಾಜು ಸಿಗಲ್ಲ ದೊಡ್ಡಪ್ಪ."

"ಹಂಗಾರೆ ಅದಕ್ಕಿಂತ ನಾನೇ ವಾಸಿ ಬಿಡು" ಎಂದು ಕಿಟಕಿಯಿಂದಲೇ ಕಾಫಿ ಕೇಳಿದರು.

ಕಣ್ಣು ಸರಿಹೋಯಿತು, ಒಂದಾದ ಮೇಲೆ ಇನ್ನೊಂದು. ಸಿದ್ರಾಮಣ್ಣನಿಗೆ ಅಜ್ಜಂಪುರದ ಕಡೆಯ ಜೋಡಿಯೂ ಸಿಕ್ಕಿತು. ಲೆನ್ಸನ್ನು ಮಾತ್ರ ನಾನು ಬಿಚ್ಚಿಸಲಿಲ್ಲ. ತೇವ ಹೀರುವ ಪೊಟ್ಟಣಗಳ ಜೊತೆ ಸ್ಟೀಲಿನ ಡಬ್ಬಿಯಲ್ಲಿಡುತ್ತೇನೆ, ತಿಂಗಳಿಗೊಮ್ಮೆ ಟಾರ್ಚು ಬಿಟ್ಟು ನೋಡುತ್ತೇನೆ. ಎಳೆ ಬೆಳೆದಿಲ್ಲ. ಹಾಗಾದರೆ ಅದು ಬೂಷ್ಟೇ ಅಲ್ಲ ಎಂದು ಒಂದು ದಿನ ವಾದಿಸುತ್ತೇನೆ, ಅವತ್ತಿನ ಬಿಸಿಲಿಗೆ ಸತ್ತಿದೆ ಎಂದು ಇನ್ನೊಂದು ದಿನ. ಎರಡು ವಾದದಲ್ಲೂ ಗೆಲ್ಲುವುದು ನಾನೇ. ಸೂರ್ಯನಿಗೆ ಎದುರಾಗಿ ಹಿಡಿದರೆ ಚಿತ್ರ ಮಬ್ಬಾಗುತ್ತದೆ. ಬೆನ್ನು ಹಾಕಿ ನಿಂತರೆ ಹಕ್ಕಿಯ ಒಂದೊಂದು ಗರಿಯೂ ಕಾಣುತ್ತದೆ. ಅದರ ಬುದ್ಧಿ ನನಗೀಗ ಗೊತ್ತು. ಗೆಯ್ಯುತ್ತಿದೆ, ಗೆಯ್ಯಲಿ.

ಇವತ್ತು ಈ ಬಟ್ಟೆ ಒಗೆಯಬೇಕಾಗಿ ಬಂದದ್ದು ಬಜ್ಜಿಯ ಎಣ್ಣೆಯಿಂದ. ಮೊನ್ನೆ ಭಾನುವಾರ ಊರಿಗೆ ಹೋಗಿದ್ದಾಗ ದೊಡ್ಡಪ್ಪ ಬಜ್ಜಿ ತಿಂದ ಕೈಯಲ್ಲೇ ನನ್ನ ಬ್ಯಾಗಿಗೆ ಕೈ ಹಾಕಿ, ಬಟ್ಟೆ ಬಿಚ್ಚಿ, ಲೆನ್ಸನ್ನು ಹೊರಗೆ ತೆಗೆದರು. ಅಂಗೈಯಲ್ಲಿ ತೂಗಿದರು. ಟಕ್ ಎನ್ನಿಸಿದರು. ಒಂದು ಕಣ್ಣು ಮುಚ್ಚಿ ಬಾಗಿಲ ಬಿಸಿಲಿಗೆ ಹಿಡಿದರು. ಹುಬ್ಬು ಮೇಲೇರಿತು.

"ಥೂ! ಇಷ್ಟುದ್ದ ಬೂಷ್ಟು ಐತಲ್ಲೇ ಇದ್ರಾಗೆ! ಯಾವ ಕುರುಡ ನನ್ಮಗ ಕೊಡಿಸ್ದ ನಿಂಗೆ ಇದನ್ನ?"

ಒಳಗೆ ದೊಡ್ಡಮ್ಮ ನಕ್ಕು ನಕ್ಕು ಬಾಣಲೆಯ ಬಜ್ಜಿಯನ್ನು ಕರಕಲು ಮಾಡಿದರು. ದೊಡ್ಡಪ್ಪನ ಮೀಸೆಯ ಕೆಳಗೂ ನಗು ಅಡಗಿತ್ತು. ನಾನು ಲೆನ್ಸನ್ನು ಅವರ ಕೈಯಿಂದ ತೆಗೆದುಕೊಂಡು ಅವರದೇ ಪಂಚೆಯ ತುಂಡಿನಲ್ಲಿ ಸುತ್ತಿದೆ.

"ಹೆಸ್ರು ಹೇಳೋ ಹಂಗಿಲ್ಲ ದೊಡ್ಡಪ್ಪ" ಎಂದೆ. "ಹಗ್ಗ ಕೈ ಬದಲಾಗಿದೆ."