ಮೂವತ್ತು ಅಡಿ ಕೆಳಗಿನ ಎಂಜಿನ್

ದೋಣಿಗಲ್‌ನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಶಾಂತಮಲ್ಲಪ್ಪನಿಗೆ ಎರಡು ಕಾರಣಕ್ಕೆ ಹೆಸರಿತ್ತು. ಎಸ್ಟೇಟ್ ಕೆರೆಗಳಲ್ಲಿ ಪೈಪಿನ ಬಾಯಿ ಕಟ್ಟಿಕೊಂಡರೆ ಮುಳುಗಿ ಬಿಡಿಸೋಕೆ ಅವನೇ ಆಗಬೇಕು. ಒಂದೂವರೆ ನಿಮಿಷ ಉಸಿರು ಬಿಗಿಹಿಡಿದು ನೀರಡಿ ಇದ್ದುಬಿಡುತ್ತಿದ್ದ. ಇನ್ನೊಂದು, ಅವನ ಅನುಮಾನ. ಹೊಸ ಬೇರಿಂಗ್ ಕೊಂಡರೆ ಡಬ್ಬಿಯ ಸೀಲನ್ನು ಬಿಸಿಲಿಗೆ ಹಿಡಿದು ನೋಡುವವನು. ಡಾಕ್ಟರು ನಿನಗೇನೂ ಕಾಯಿಲೆಯಿಲ್ಲ ಎಂದರೆ, ಯಾಕೆ ಹಾಗಂದರು ಅಂತ ಇನ್ನೊಬ್ಬ ಡಾಕ್ಟರನ್ನು ಕೇಳಿಕೊಂಡು ಬಂದವನು.

2003ರ ನವೆಂಬರಿನಲ್ಲಿ, ಇನ್ನೂ ಕಾಫಿ ಕೊಯ್ಲು ಶುರುವಾಗದ ಹೊತ್ತಿನಲ್ಲಿ, ಮಾರನಹಳ್ಳಿ ಕಡೆಯ ಎಸ್ಟೇಟಿನ ಸುಲೋಚನಮ್ಮ ಅವನನ್ನು ಕರೆಸಿದರು. ಗಂಡ ತೀರಿಕೊಂಡ ಮೇಲೆ ತೋಟ ತಾವೇ ನಡೆಸುತ್ತಿದ್ದ ಹೆಂಗಸು. ಮಗಳು ಮೋನಿಕಾಗೆ ಗಂಡು ಗೊತ್ತಾಗಿತ್ತು.

"ಹುಡುಗನ ಹೆಸರು ಶ್ರೀನಾಥ್. ಆಲೂರಿನವರು, ನಮ್ಮವರೇ. ಆದ್ರೆ ಗೋವಾದಲ್ಲಿ ಜನರ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ, ಸಮುದ್ರದೊಳಗೆ ಕರ್ಕೊಂಡೋಗಿ ಮುಳುಗಿದ ಹಡಗು ತೋರಿಸ್ತಾನಂತೆ. ಮುನ್ನೂರು ವರ್ಷದ ಹಡಗಂತೆ. ತೋಟ, ಮನೆ ಆದ್ರೆ ನಾವೇ ನೋಡ್ಬರಬೋದಿತ್ತು. ನೀರೊಳಗಿಂದು ಯಾರು ನೋಡ್ತಾರೆ? ನೀನೇ ಹೋಗ್ಬೇಕು ಕಣೋ. ನಮ್ಮ ಕಡೆಯೋನು ಅಂತ ಮಾತ್ರ ಹೇಳ್ಬೇಡ."

ಬಾಗಿಲಲ್ಲಿ ನಿಂತಿದ್ದ ಮೋನಿಕಾ ನಕ್ಕಳು. "ಹೋಗ್ಬನ್ನಿ ಶಾಂತಮಲ್ಲಪ್ಪ. ಆ ಹಡಗಿನ ಕತೆ ನನಗೆ ಅವರೇ ಹೇಳಿದಾರೆ. ನೋಡಿದ್ರೆ ನಿಮಗೂ ಖುಷಿಯಾಗುತ್ತೆ."

ಗೋವಾದ ಕಡಲ ದಂಡೆಯಲ್ಲಿ ಶಾಂತಮಲ್ಲಪ್ಪ ತನ್ನ ಹೆಸರು ಕುಳ್ಳಯ್ಯ, ಮೆಣಸಿನ ವ್ಯಾಪಾರ ಎಂದು ಹೇಳಿಕೊಂಡ. ಶ್ರೀನಾಥ್ ತೆಳ್ಳಗೆ, ಬಿಸಿಲಿಗೆ ಕಪ್ಪಾಗಿದ್ದ ಹುಡುಗ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತಿದ್ದ. ಅದೇ ಶಾಂತಮಲ್ಲಪ್ಪನಿಗೆ ಸರಿಬರಲಿಲ್ಲ. ಸಿಲಿಂಡರನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದ. ಗೇಜಿನ ಮುಳ್ಳು ಅಂಟಿಕೊಂಡಿದೆಯೇನೋ ಅಂತ ಅಲ್ಲಾಡಿಸಿ ನೋಡಿದ.

"ಒಂದೇ ನಿಯಮ. ಕೆಳಗೆ ಯಾವತ್ತೂ ಉಸಿರು ಕಟ್ಟಬಾರದು, ಎಳೀತಾ ಬಿಡ್ತಾ ಇರ್ಬೇಕು. ಕಟ್ಕೊಂಡು ಮೇಲೆ ಬಂದ್ರೆ ಗಾಳಿ ಉಬ್ಬಿ ಎದೆ ಒಡೆಯುತ್ತೆ" ಎಂದ ಶ್ರೀನಾಥ್.

ನೀರಲ್ಲಿ ಉಸಿರು ಕಟ್ಟಬೇಡ ಅನ್ನೋನು ಎಂಥಾ ಮನುಷ್ಯ? ಶಾಂತಮಲ್ಲಪ್ಪ ತಲೆಯಾಡಿಸಿದ.

ಇಳಿದ. ಎಸ್ಟೇಟ್ ಕೆರೆಯ ನೀರು ಮೂಳೆಗೆ ತಾಗುವಷ್ಟು ತಣ್ಣಗಿರುತ್ತಿತ್ತು. ಇದು ಸ್ನಾನಕ್ಕೆ ಕಾಯಿಸಿಟ್ಟ ಹಾಗೆ ಉಗುರುಬೆಚ್ಚಗಿತ್ತು. ಅದೂ ಅನುಮಾನವೇ ಆಯಿತು. ಮೂವತ್ತು ಅಡಿ ಕೆಳಗೆ, ಹಸಿರು ಬೆಳಕಿನಲ್ಲಿ, ಹಡಗು ಮಗ್ಗುಲಾಗಿ ಮಲಗಿತ್ತು. ಅದರ ಪಕ್ಕೆಲುಬುಗಳ ನಡುವೆ ಹಳದಿ ಮೀನುಗಳು ಒಂದೇ ಸಲಕ್ಕೆ ತಿರುಗುತ್ತಿದ್ದವು. ಒಂದು ಗಳಿಗೆ ಅವನು ಬಂದ ಕೆಲಸವನ್ನೇ ಮರೆತುಬಿಟ್ಟ.

ಆಮೇಲೆ ಒಡೆದ ಹಲಗೆಯ ಸಂದಿಯಲ್ಲಿ ಒಂದು ದಿಮ್ಮಿಯಂಥದ್ದು ಕಾಣಿಸಿತು. ಚಿಪ್ಪು ಕಟ್ಟಿಕೊಂಡಿತ್ತು. ಕೈ ಹಾಕಿದ. ಕೈ ತಾನಾಗಿಯೇ ಗುರುತು ಹಿಡಿಯಿತು: ಮೂರು ಸಿಲಿಂಡರಿನ ಡೀಸೆಲ್ ಎಂಜಿನ್. ಆರು ಮೂಲೆಯ ಬೋಲ್ಟು, ಎಣ್ಣೆ ಹಾಕುವ ಮುಚ್ಚಳ. ಇಂಥವನ್ನು ಅವನು ಎಷ್ಟು ಸಲ ಬಿಚ್ಚಿರಲಿಲ್ಲ! ಇನ್ನೂ ಒಳಗೆ ನೋಡೋಣವೆಂದು ತಲೆ ತೂರಿಸಿದಾಗ ಕಬ್ಬಿಣಕ್ಕೆ ಕೊಳವೆ ಸಿಕ್ಕಿ, ಬಾಯಲ್ಲಿ ಕಚ್ಚಿಕೊಂಡಿದ್ದ ಅದರ ತುದಿ ಕಳಚಿಹೋಯಿತು. ಹಳೇ ಅಭ್ಯಾಸ, ಉಸಿರು ಬಿಗಿಹಿಡಿದು ಮೇಲಕ್ಕೆ ನೆಗೆಯಲು ಕಾಲೊದ್ದ. ಭುಜದ ಮೇಲೆ ಒಂದು ಕೈ ಬಿತ್ತು. ಶ್ರೀನಾಥ್ ಅವನನ್ನು ಅಲ್ಲೇ ಒತ್ತಿಹಿಡಿದು, ತನ್ನ ಬಾಯಲ್ಲಿದ್ದುದನ್ನೇ ತೆಗೆದು ಅವನ ಬಾಯಿಗಿಟ್ಟ. ಕಣ್ಣಲ್ಲಿ ಕಣ್ಣಿಟ್ಟು, ಎಳಿ, ಬಿಡು ಎಂದು ಕೈಸನ್ನೆ ಮಾಡಿದ. ಶಾಂತಮಲ್ಲಪ್ಪ ಎಳೆದ, ಬಿಟ್ಟ.

ದೋಣಿಯ ಮೇಲೆ, ಜೊತೆಗೆ ಬಂದಿದ್ದ ಪ್ರವಾಸಿಗರಿಗೆ ಶ್ರೀನಾಥ್ ಮುನ್ನೂರು ವರ್ಷದ ಕತೆ ಹೇಳುತ್ತಿದ್ದ. ಶಾಂತಮಲ್ಲಪ್ಪ ಟವಲ್ ಹೊದ್ದು ಕೇಳುತ್ತಾ ಕೂತ.

ಊರಿಗೆ ಬಂದು ಸುಲೋಚನಮ್ಮನ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದ. "ಹಡಗು ಸುಳ್ಳು ಅಮ್ಮಾವ್ರೇ. ಒಳಗೆ ಡೀಸೆಲ್ ಎಂಜಿನ್ ಐತೆ. ಮುಳುಗಿ ಇಪ್ಪತ್ತು ವರ್ಷ ಆಗಿದ್ರೆ ಹೆಚ್ಚು. ಆದ್ರೆ ನನ್ನ ಉಸಿರು ಹೋಗೋದ್ರಲ್ಲಿತ್ತು, ತನ್ನದನ್ನೇ ಬಿಚ್ಚಿ ಕೊಟ್ಬುಟ್ಟ ಆ ಹುಡುಗ."

ಎರಡನೆಯ ಮಾತು ಸುಲೋಚನಮ್ಮನ ಕಿವಿಗೆ ಬೀಳಲೇ ಇಲ್ಲ. ಮೋನಿಕಾ ಎದ್ದು ಹೋಗಿ ಶ್ರೀನಾಥ್‌ಗೆ ಫೋನ್ ಮಾಡಿದಳು. ತೋಟ, ಹವಾಮಾನ ಅಂತ ಏನೇನೋ ಮಾತಾಡಿ, ನಡುವೆ ಸುಮ್ಮನೆ ಕೇಳಿದಂತೆ ಕೇಳಿದಳು: "ಆ ಹಡಗು ಎಷ್ಟು ಹಳೇದು ಅಂದ್ರಿ?" ಉತ್ತರ ಕೇಳಿಸಿಕೊಂಡು ಫೋನ್ ಇಟ್ಟಳು. "ಇವತ್ತೂ ಮುನ್ನೂರು ಅಂದ್ರು. ಬೇಡಮ್ಮ. ಊರಿಗೆಲ್ಲ ಹೇಳಲಿ, ನನಗೂ ಅದನ್ನೇ ಹೇಳಿದ್ರಲ್ಲ."

ಹದಿನೈದು ದಿನಕ್ಕೆ ಶ್ರೀನಾಥ್, ಎಸ್ಟೇಟಿನಲ್ಲಿ ವಿಚಾರಿಸಿಕೊಂಡು, ದೋಣಿಗಲ್‌ನ ಅಂಗಡಿಗೆ ಬಂದ. ಹೊಡೆಯಲು ಬಂದನೇನೋ ಎಂದು ಶಾಂತಮಲ್ಲಪ್ಪ ಸ್ಪ್ಯಾನರ್ ಕೈಗೆ ತಗೊಂಡ.

"ನೀವೇ ಹೇಳಿದ್ದಾ?"

"ನಾನೇ. ನೀನು ಉಸಿರು ಕೊಟ್ಟಿದ್ದನ್ನೂ ಹೇಳಿದೀನಿ."

ಶ್ರೀನಾಥ್ ಬೆಂಚಿನ ಮೇಲೆ ಕೂತ. "ಹಳೇ ಸರಕಿನ ದೋಣಿ ಅಂದ್ರೆ ಯಾರು ಬರ್ತಾರೆ ಹೇಳಿ? ಮೊದಲ ದಿನ ಅವಳಿಗೂ ಹಂಗೇ ಹೇಳ್ಬುಟ್ಟೆ. ಆಮೇಲೆ ಹೆಂಗೆ ತಿದ್ದೋದು ಗೊತ್ತಾಗಲಿಲ್ಲ." ತಲೆಯೆತ್ತಿ, "ನೀವೂ ಕುಳ್ಳಯ್ಯ ಅಂತ ಬರೆಸಿ ಬಂದಿದ್ರಲ್ಲ" ಎಂದ. ಬೈಗುಳದಂತೆ ಹೇಳಲಿಲ್ಲ.

ಶಾಂತಮಲ್ಲಪ್ಪ ಸ್ಪ್ಯಾನರ್ ಕೆಳಗಿಟ್ಟ. ಪಕ್ಕದ ಹೋಟೆಲಿಂದ ಕಾಫಿ ತಂದುಕೊಟ್ಟ. ಹುಡುಗ ಕುಡಿದು, ಘಾಟಿ ಹತ್ತಿ ಬಂದ ಹಾಸನದ ಬಸ್ಸಿಗೆ ಕೈ ಅಡ್ಡ ಹಾಕಿ ಹೊರಟುಹೋದ. ಅವನು ಏನನ್ನೂ ಬೇಡಲು ಬಂದಿರಲಿಲ್ಲ ಎಂಬುದನ್ನು ನಂಬಲು ಶಾಂತಮಲ್ಲಪ್ಪನಿಗೆ ಒಂದು ವಾರ ಹಿಡಿಯಿತು.

ಎರಡು ವರ್ಷದ ಮೇಲೆ ಮೋನಿಕಾಗೆ ಬೇರೊಂದು ಕಡೆ ಸಂಬಂಧ ಬಂತು. ಗಂಡಿನ ಮನೆಯವರು ನೀರಾವರಿ ಪೈಪಿನ ವ್ಯಾಪಾರಸ್ಥರು. ಸುಲೋಚನಮ್ಮ ಮತ್ತೆ ಹೇಳಿಕಳಿಸಿದರು: ಒಂದ್ಸಲ ಹೋಗಿ ನೋಡ್ಕೊಂಡು ಬಾ.

"ಈ ಸಲ ನನ್ನ ಕೈಲಾಗಲ್ಲ ಅಮ್ಮಾವ್ರೇ" ಎಂದ ಶಾಂತಮಲ್ಲಪ್ಪ. "ಮೋನಿಕಾ ಅವ್ರೇ ಹೋಗಿ, ಎದುರಿಗೆ ಕೂತು ಕೇಳ್ಲಿ."